ನಾನು ಹಾಡಿನಲ್ಲಿ, ಆಡು ಮಾಳಿಗೆಯಲ್ಲಿ

ಈ ಸಲದ ಬೇಸಿಗೆಯನ್ನು ಎದುರಿಸಲು ಇಡೀ ರಬಕವಿಯಲ್ಲಿ ನನ್ನಷ್ಟು ಸಜ್ಜಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಉಳಿದವರು ಕೂಲರ್ ರಿಪೇರಿ ಮಾಡಿಸಿದರು, ಹೊಸ ಗಡಿಗೆ ತಂದರು. ನಾನು ಹಾಡು ಕೂಡಿಹಾಕಿದೆ. ಅದೂ ಹಳೆಯವಲ್ಲ, ಎಲ್ಲ ಈ ವರ್ಷ ಹುಟ್ಟಿದವು. ನನ್ನ ಸೀರೆ ಅಂಗಡಿಗೆ ಬಂದವರೆಲ್ಲ ‘ಈಗಿನವು ಏನ್ ಹಾಡ್ರಿ’ ಎಂದು ಮೂಗು ಮುರಿಯುವುದನ್ನು ಕೇಳಿ ಕೇಳಿ ರೋಸಿಹೋಗಿತ್ತು. ಹೊಸ ಸಂಗೀತದ ಮಾನ ಉಳಿಸುವವನು ನಾನೇ ಎಂದು ಪಣ ತೊಟ್ಟೆ!

ಮುಂಜಾನೆಯ ತಂಪಿಗೆ ತತ್ವಪದಕ್ಕೆ ಗಿಟಾರು ಕೂಡಿಸಿದ ಒಂದು ಆಲ್ಬಮ್ಮು. ಹಾಡಿದವಳ ದನಿಯಲ್ಲಿ ಈಗಷ್ಟೇ ಅತ್ತು ಮುಖ ತೊಳೆದು ಬಂದಂಥ ತೇವ. ಸಂಜೆಗೆ ‘ಮಾವನ ಮಗಳ ಐಸ್‌ಕ್ಯಾಂಡಿ’ ಎಂಬ ಜಾನಪದ ಡಿಜೆ. ಕೇಳಿದರೆ ಕಬ್ಬಿನ ಟ್ರ್ಯಾಕ್ಟರೂ ಕುಣಿಯಬೇಕು. ಆದರೆ ನನ್ನ ಜೀವವಿದ್ದದ್ದು ಮಧ್ಯಾಹ್ನಕ್ಕೆಂದು ತೆಗೆದಿಟ್ಟ ‘ಬ್ಯಾಸಗಿ ಹೊಳಿ’ಯಲ್ಲಿ. ಬರೀ ಕೊಳಲು. ಹೊಳೆಯ ದಂಡೆಯಲ್ಲೇ ಕುಳಿತು ನುಡಿಸಿದ್ದಂತೆ. ಓಣಿಯ ಮಗ್ಗಗಳ ಖಟಪಟದ ನಡುವೆ ಅದನ್ನು ಕೇಳುವುದು ಪಾಪವೆಂದು, ಹೊರಗಿನ ಸದ್ದು ಒಳಗೆ ಬಾರದ ಇಯರ್‌ಫೋನ್ ತಂದೆ. ಸದ್ದು ಬಾರದು ಎಂದು ಹೇಳಿದವನು ಅಂಗಡಿಯವನು; ನಂಬಿದವನು ನಾನು.

ಸರಿಯಾಗಿ ಅದೇ ಹೊತ್ತಿಗೆ ಮುಧೋಳದಿಂದ ನಮ್ಮ ಅತ್ತೆ ಗುರುಬಸವ್ವ ಬಂದಿಳಿದರು. ಅವರ ಕಿರಿಮಗಳು ವೈಶಾಲಿಯ ಮದುವೆ ಮುಂದಿನ ತಿಂಗಳು. ಅಲ್ಲಿ ಮನೆಗೆ ಸುಣ್ಣಬಣ್ಣ ನಡೆದಿದ್ದರಿಂದ, ಮದುಮಗಳ ಸಂಗಡ ಬೀಗರ ಮನೆಗೆ ಹೋಗಬೇಕಾದ ಸಂಡಿಗೆ ನಮ್ಮ ಮಾಳಿಗೆಯ ಮೇಲೆ ಆಗಬೇಕಿತ್ತು. ಗೋಧಿ ನೆನೆಹಾಕಿ, ರುಬ್ಬಿ, ಹಾಲು ತೆಗೆದು, ಕುದಿಸಿ, ಅತ್ತೆ ಮತ್ತು ನನ್ನ ಹೆಂಡತಿ ಕೈ ಕೆಂಪಾಗುವಂತೆ ಒತ್ತಿದರು. ಹಳೆಯ ಸೀರೆಗಳ ಮೇಲೆ ಸಂಡಿಗೆಯ ಸಾಮ್ರಾಜ್ಯವೇ ಹರಡಿತು. ಅದರ ಕಾವಲಿಗೆ ನೇಮಕವಾದವನು ನಾನು. ಅಂಗಡಿಗೆ ರಜೆ ಇತ್ತು, ಬೇರೆ ನೆಪ ಹೊಳೆಯಲಿಲ್ಲ.

ಹೆಂಡತಿ ರಾಜಶ್ರೀ ಎಚ್ಚರಿಕೆ ಹೇಳಿಯೇ ಕೆಳಗಿಳಿದಳು. “ಕಾಗಿ ಬರ್ತಾವು. ಬಾಜೂ ಮನಿ ಹೊಳೆವ್ವನ ಆಡು ಗೋಡಿ ಹಾರಿ ಬರತೈತಿ. ಕಣ್ಣ ತಕ್ಕೊಂಡು ಕುಂದರ್ರಿ.”

ಅವಳು ಕಣ್ಣಿನ ಮಾತಾಡಿದ್ದಳೇ ಹೊರತು ಕಿವಿಯ ಮಾತೆತ್ತಿರಲಿಲ್ಲ. ಛತ್ರಿ ಕಟ್ಟಿಕೊಂಡೆ, ಮಜ್ಜಿಗೆ ಇಟ್ಟುಕೊಂಡೆ, ರಸಭಂಗವಾಗಬಾರದೆಂದು ಮಾಳಿಗೆಯ ಬಾಗಿಲಿಗೆ ಈ ಕಡೆಯಿಂದ ಅಗಳಿ ಹಾಕಿ ಕುರ್ಚಿಯಲ್ಲಿ ಒರಗಿದೆ. ಕೊಳಲು ಶುರುವಾಯಿತು. ಕಣ್ಣು ತಾನಾಗಿಯೇ ಮುಚ್ಚಿತು.

ಮೊದಲೆರಡು ಹಾಡು ಸುಮ್ಮನೆ ಹರಿದವು. ಮೂರನೆಯದರಲ್ಲಿ ಪವಾಡವಾಯಿತು. ಕೊಳಲಿನ ಹಿಂದೆ ಕಾಗೆಗಳು ಕೂಗಿದವು. ಎಷ್ಟು ಸಹಜ ಎಂದುಕೊಂಡೆ. ಆಮೇಲೆ ಕರಂ ಕುರುಂ ಎಂದು ಏನೋ ಒಂದು ಹೊಸ ವಾದ್ಯ. ಅದರ ಬೆನ್ನಿಗೇ ಧಡ್ ಧಡ್ ಧಡ್ ಎಂದು ಚರ್ಮವಾದ್ಯ. ಲಯ ಸ್ವಲ್ಪ ತಪ್ಪುತ್ತಿದ್ದರೂ ಆವೇಶವಿತ್ತು. ಎಲ್ಲಕ್ಕಿಂತ ಮಿಗಿಲಾಗಿ, ದೂರದಿಂದ ಒಂದು ಹೆಣ್ಣು ದನಿ, ‘ಬಾಗ್ಲಾ ತಗೀರಿ… ತಗೀರೀ…’ ಎಂದು ಮೊರೆಯಿಡುತ್ತಿತ್ತು. ಆತ್ಮ ಪರಮಾತ್ಮನ ಬಾಗಿಲು ತಟ್ಟುತ್ತಿದೆ! ನನ್ನ ರೋಮ ನಿಮಿರಿತು. ಬನಹಟ್ಟಿಯ ಗೆಳೆಯ ಕಲ್ಮೇಶನಿಗೆ ಕೂಡಲೇ ಅರೆಗಣ್ಣಿನಲ್ಲೇ ಫೋನಿನಲ್ಲಿ ಮಾತು ತುಂಬಿ ಕಳಿಸಿದೆ: ಮೂರನೆಯ ಹಾಡು ಕೇಳು, ಆ ಹೆಂಗಸಿನ ದನಿಯಲ್ಲಿ ಏನು ಸಂಕಟ, ಈ ವರ್ಷ ಇದನ್ನು ಮೀರಿಸುವ ಹಾಡಿಲ್ಲ ಎಂದು.

ಆಗ ಕುರ್ಚಿ ಅಲುಗಾಡಿತು. ಕಣ್ಣು ಬಿಟ್ಟರೆ ಮಾಳಿಗೆಯ ತುಂಬ ಕಾಗೆ. ನಡುವೆ ಹೊಳೆವ್ವನ ಆಡು. ನನ್ನ ಕುರ್ಚಿಯ ಕಾಲು ಯಾವ ಸೀರೆಯ ಅಂಚಿನ ಮೇಲಿತ್ತೋ, ಅದೇ ಸೀರೆಯ ಇನ್ನೊಂದು ತುದಿ ಅದರ ಬಾಯಲ್ಲಿತ್ತು. ‘ಹೇ’ ಎಂದು ಎದ್ದೆ. ಆಡು ಹಾರಿತು, ಸೀರೆ ಹೋಯಿತು, ನಾನು ಅಂಗಾತ ಬಿದ್ದೆ. ಬಿದ್ದದ್ದು ಆಡು ಇನ್ನೂ ಮುಟ್ಟದೆ ಉಳಿಸಿದ್ದ ಸಂಡಿಗೆಗಳ ಮೇಲೆ.

ಬೆನ್ನ ತುಂಬ ಹಸಿ ಸಂಡಿಗೆ ಮೆತ್ತಿಕೊಂಡೇ ಹೋಗಿ ಬಾಗಿಲು ತೆಗೆದೆ. ನನ್ನ ಚರ್ಮವಾದ್ಯ ಕಲಾವಿದೆ ರಾಜಶ್ರೀ ಎರಡೂ ಮುಷ್ಟಿ ಕೆಂಪಗೆ ಮಾಡಿಕೊಂಡು ನಿಂತಿದ್ದಳು. ಅವಳು ಏನೆಂದಳು ಎಂಬುದನ್ನು ಅಚ್ಚು ಹಾಕಿಸುವಂತಿಲ್ಲ. ಅವಳ ಹಿಂದೆ ನಿಂತಿದ್ದ ಅತ್ತೆ ಮಾತ್ರ ಮಾಳಿಗೆಯ ಮೇಲೆ ಒಮ್ಮೆ ಕಣ್ಣಾಡಿಸಿ, ಸೆರಗು ಸರಿಮಾಡಿಕೊಂಡು ಮಗಳಿಗೆ ಹೇಳಿದರು; ನನ್ನೊಂದಿಗೆ ಅವರು ನೇರವಾಗಿ ಮಾತಾಡುವ ಪದ್ಧತಿಯಿಲ್ಲ. “ಅಳಿಯಂದ್ರಿಗೆ ಪೆಟ್ಟ ಹತ್ತೇತೇನ ಕೇಳ.” ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಇಷ್ಟಕ್ಕೇ ಮುಗಿಯಲಿಲ್ಲ. ಇಳಿಹೊತ್ತಿಗೆ ಹೊಳೆವ್ವ ಆಡನ್ನು ಎಳೆದುಕೊಂಡು ಬಾಗಿಲಿಗೇ ಬಂದಳು. ಆಡಿನ ಹೊಟ್ಟೆ ನಗಾರಿಯಾಗಿತ್ತು. ದನದ ಡಾಕ್ಟರು ಔಷಧ ಕುಡಿಸಿ, ಹೊಟ್ಟೆ ಇಳಿಯುವ ತನಕ ಅಡ್ಡಾಡಿಸಬೇಕು ಎಂದಿದ್ದರಂತೆ. ಅವಳಿಗೋ ಮೊಣಕಾಲು ನೋವು. ಆಡು ನನ್ನ ಸಂಡಿಗೆ ತಿಂದದ್ದಕ್ಕೆ ನಾನು ಜಗಳ ತೆಗೆಯಬೇಕೆಂದಿದ್ದೆ. ಅವಳೇ ಮೊದಲು ತೆಗೆದಳು.

“ತಾನಾಗೇ ತಿಂದಿದ್ರ ನಾ ಏನೂ ಅಂತಿದ್ದಿಲ್ರಿ ಸಾವ್ಕಾರ್ರ. ನೀವು ಮುಂದ ಕುಂತು ತಿನ್ನಿಸೀರಿ.”

ರಾಜಶ್ರೀ ಆಡಿನ ಹಗ್ಗ ತೆಗೆದುಕೊಂಡು ನನ್ನ ಕೈಗಿಟ್ಟಳು. ಹೀಗೆ ಹೊಸ ಸಂಗೀತದ ಮಾನ ಉಳಿಸಹೊರಟವನು ಆಡು ಹಿಡಿದು ಓಣಿ ಸುತ್ತತೊಡಗಿದೆ. ಮಗ್ಗದ ಕಿಟಕಿಗಳಲ್ಲಿ ಮುಖಗಳು ಮೂಡಿದವು. ಸೀರೆ ಒಯ್ಯುವ ಗಿರಾಕಿಗಳು ನಮಸ್ಕಾರ ಮಾಡಿ, ಆಡನ್ನು ನೋಡಿ, ಮತ್ತೊಮ್ಮೆ ನನ್ನನ್ನು ನೋಡಿದರು. ಆಡೋ ಹೆಜ್ಜೆಗೊಮ್ಮೆ ನಿಂತು, ತೇಗಿ, ಮುಂದೆ ನಡೆಯುತ್ತಿತ್ತು.

ಆಗಲೇ ಕಲ್ಮೇಶ ಬೈಕಿನಲ್ಲಿ ಬಂದ. ಆಡಿನ ಬಗ್ಗೆ ಕೇಳುವಷ್ಟೂ ಅವನಿಗೆ ತಾಳ್ಮೆಯಿರಲಿಲ್ಲ.

“ಲೇ ಸೋಮ್ಯಾ, ಮೂರನೇ ಹಾಡು ತಿರಿಗಿ ತಿರಿಗಿ ಕೇಳೀನಿ. ಕೊಳಲ ಬಿಟ್ರ ಏನೂ ಇಲ್ಲ. ಯಾವ ಹೆಂಗಸಲೇ ಅದು?”

“ನಮ್ಮನಿಯಾಕಿ” ಎಂದೆ. ಅವನು ಅಲ್ಲೇ ಬೈಕು ನಿಲ್ಲಿಸಿ ನಗಲು ಕುಳಿತ.

ದೀಪ ಹಚ್ಚುವ ಹೊತ್ತಿಗೆ ಆಡಿನ ಹೊಟ್ಟೆ ಇಳಿಯಿತು. ಮನೆಗೆ ಬಂದರೆ ಅತ್ತೆ ಆಗಲೇ ಹೊಸದಾಗಿ ಗೋಧಿ ನೆನೆಹಾಕಿದ್ದರು. ಆಡನ್ನು ಒಯ್ಯಲು ಹೊಳೆವ್ವನೂ ಬಂದು ನಿಂತಿದ್ದಳು.

“ರಾಜಶ್ರೀ, ಅಳಿಯಂದ್ರಿಗೆ ಹೇಳ” ಎಂದರು ಅತ್ತೆ. “ಈ ಸಲ ಮಾಳಿಗಿ ಮ್ಯಾಲ ಹೊಳೆವ್ವ ಕಾಯ್ತಾಳ. ಅವ್ರು ಕೆಳಗ ಆಡು ಹಿಡ್ಕೊಂಡು ಕುಂತ್ರ ಸಾಕು.”

ಹೊಳೆವ್ವ ನನ್ನ ಕೈಯಿಂದ ಹಗ್ಗ ಇಸಿದುಕೊಂಡು ಆಡನ್ನು ತನ್ನ ಬೆನ್ನ ಹಿಂದೆ ನಿಲ್ಲಿಸಿಕೊಂಡಳು.

“ಸಂಡಗಿ ಕಾಯಾಕ ಬರ್ತೀನ್ರಿ ಅವ್ವಾರ. ಖರೆ, ಆಡು ಮಾತ್ರ ಸಾವ್ಕಾರ್ರ ಕೈಯಾಗ ಬಿಡಂಗಿಲ್ರಿ.”