ಆಯಿ ಕೊಡದ ನಂಬರು

ಫೋನಿನಲ್ಲಿ ಮೋಸ ಹೋಗುವವರು ಓದು ಬರದವರು. ತಿಕೋಟಾದ ನಮ್ಮ ಬ್ಯಾಂಕಿನಲ್ಲಿ ಆಗ ಎಲ್ಲರೂ ನಂಬಿದ್ದ ಮಾತು ಇದು. ನಾನು ಎಂ.ಎ. ಓದಿದವನು, ನನಗೂ ಹಿತವಾಗಿಯೇ ಕೇಳಿಸುತ್ತಿತ್ತು. ಕೌಂಟರಿನಲ್ಲಿ ಕೂತವನಿಗೆ ಪ್ರಸಂಗಗಳ ಕೊರತೆಯಿಲ್ಲ. ಇವು ನಾವೆಲ್ಲ ಆಯಿ ಅನ್ನುತ್ತಿದ್ದ ಒಬ್ಬ ಅಜ್ಜಿಯ ಖಾತೆಯವು.

ಸ್ಲಾಬು

ಆಯಿ ಒಣದ್ರಾಕ್ಷಿ ಮಾರಿದ್ದರು. ಮಳೆಗಾಲದೊಳಗೆ ಆ ದುಡ್ಡಿನಲ್ಲಿ ಮನೆಗೆ ಸ್ಲಾಬು ಹಾಕಿಸಬೇಕಿತ್ತು. ಬೇರೆ ದುಡ್ಡು ಇರಲಿಲ್ಲ. ಜೊತೆಗೆ ಬಂದ ಅಳಿಯ ಹೈಸ್ಕೂಲ್ ಮಾಸ್ತರರು. ಅವರ ಮನೆ ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ, ಖಾತೆ ಮಾತ್ರ ನಮ್ಮಲ್ಲೇ.

"ಇವರಿಗೆ ಅಂಕಿ ಬಿಟ್ರ ಅಕ್ಷರ ಬರೂದಿಲ್ರಿ. ಯಾರರ ಫೋನ್ ಮಾಡಿದ್ರ ಎಲ್ಲಾ ಹೇಳಿಬಿಡ್ತಾರ. ಖಾತೇಕ ನನ್ನ ನಂಬರ್ ಹಾಕ್ರಿ."

ಮ್ಯಾನೇಜರರು ಹೂಂ ಅಂದರು. ನಾನು ಅರ್ಜಿ ತೆಗೆದೆ. ಆಯಿ ಅದರ ಮೇಲೆ ಕೈ ಇಟ್ಟರು.

"ನನ್ನ ನಂಬರೇ ಇರ್ಲಿರಿ ಸಾಹೇಬ್ರ. ಅಳ್ಯಾರ ನಂಬರ್ ಹಾಕಿದ್ರ ಸ್ಲಾಬು ಸೊಲ್ಲಾಪುರ ರೋಡಿಗೆ ಬೀಳ್ತದ."

ಗೋಡೆ

ನಮ್ಮ ಕಡೆ ದ್ರಾಕ್ಷಿ ಒಣಗಿಸುವ ಶೆಡ್ಡಿನ ಗೋಡೆಯೇ ಲೆಕ್ಕದ ವಹಿ. ಹಣ್ಣು ಹಾಕಿದ ದಿನ, ಕ್ರೇಟು, ಆಳು, ಎಲ್ಲ ಇದ್ದಿಲಲ್ಲಿ ಅಲ್ಲೇ ಬರೆಯುತ್ತಾರೆ. ಬೆಳೆ ವಿಮೆಯ ಕಾಗದಕ್ಕೆ ತೋಟ ನೋಡಲು ಹೋದಾಗ ಆಯಿ ತಮ್ಮ ಶೆಡ್ಡಿನ ಗೋಡೆ ತೋರಿಸಿ ಹೇಳಿದರು, "ಎಟಿಎಂ ನಂಬರೂ ಇಲ್ಲೇ ಬರ್ದೀನಿ."

ಹಾಗೆಲ್ಲ ಬರೆಯಬಾರದು, ಕಂಡವರು ದುಡ್ಡು ತೆಗೆಯುತ್ತಾರೆ ಎಂದು ಉಪದೇಶ ಮಾಡಿದೆ.

"ಹಂಗಾದ್ರ ಯಾವ್ದು ಹೇಳ್ರಿ ನೋಡೂಣು."

ನೆಲದಿಂದ ಸೂರಿನ ತನಕ ಅಂಕಿ. ಒಂದನ್ನು ತೋರಿಸಿದೆ. ಅಲ್ಲ. ಇನ್ನೊಂದು. ಅಲ್ಲ. ಮತ್ತೊಂದು.

"ಮೂರು ಸಲ ತಪ್ಪಿದ್ರಿ. ನಿಮ್ಮ ಕಾರ್ಡ್ ಬಂದ್ ಆತು. ಚಾ ಕುಡೀರಿ."

ಸೋದರಮಾವ

ಒಂದು ದಿನ ಆಯಿ ಕೌಂಟರಿನ ಮುಂದೆ ನಿಂತಾಗಲೇ ಫೋನು ಬಂತು. ಕಿವಿ ಮಂದವಾದ್ದರಿಂದ ಅವರು ಸ್ಪೀಕರ್ ಹಾಕಿಯೇ ಮಾತಾಡುವುದು. ಇಡೀ ಬ್ಯಾಂಕು ಕೇಳಿತು.

"ಹೆಡ್ ಆಫೀಸಿನಿಂದ ಮಾತಾಡ್ತಿದ್ದೀನಿ. ನಿಮ್ಮ ಖಾತೆ ಇವತ್ತು ಬಂದ್ ಆಗುತ್ತೆ. ಈಗ ಬಂದ ಓಟಿಪಿ ಹೇಳಿ."

"ಹೇಳ್ತೀನಪಾ. ನೀ ಯಾವ ಊರಂವ?"

"ಹೆಡ್ ಆಫೀಸು."

"ಅದು ಊರಲ್ಲ. ನಿಮ್ಮಪ್ಪನ ಊರು?"

ಅವನು ತಡೆದು "ಬಬಲೇಶ್ವರ" ಅಂದ.

"ನನ್ನ ತವರು ಸಾರವಾಡ, ಬಾಜೂಕೇ. ಯಾವ ಓಣಿ? ಯಾರ ಪೈಕಿ? ಸೋದರಮಾವ ಯಾರು?"

"ಟೈಮ್ ಇಲ್ಲಮ್ಮ, ನಂಬರ್ ಹೇಳಿ."

"ಯಾರ ಪೈಕಿ ಅಂತ ತಿಳೀದೆ ಹೆಣ್ಣು ಕೊಡೂದಿಲ್ಲ, ನಂಬರ್ ಹೆಂಗ ಕೊಡ್ಲಿ?"

ಫೋನು ಕಟ್ಟಾಯಿತು. ಮ್ಯಾನೇಜರರು ಒಳಗಿನಿಂದ "ಅದೃಷ್ಟ" ಅಂದರು. ಆಯಿ ನನ್ನ ಕಡೆ ತಿರುಗಿದರು.

"ಸೋದರಮಾವನ ಹೆಸರು ಗೊತ್ತಿಲ್ಲದಂವನ್ನ ಕೆಲಸಕ್ಕ ಇಟ್ಕೊಂಡೀರಲ್ರಿ."

ಭಾಷಣ

ಬಬಲೇಶ್ವರದಲ್ಲಿ ಫೋನ್ ಮೋಸದ ಬಗ್ಗೆ ಬ್ಯಾಂಕಿನ ಜಾಗೃತಿ ಸಭೆ ಇತ್ತು. ಭಾಷಣಕ್ಕೆ ಅಳಿಯ ಮಾಸ್ತರರನ್ನೇ ಕರೆದೆವು. ಮುಕ್ಕಾಲು ಗಂಟೆ ಮಾತಾಡಿದರು. ಓದು ಇದ್ದರೆ ಬೀಗ ಬೇಕಿಲ್ಲ ಅಂದರು. ಆಯಿ ಮುಂದಿನ ಸಾಲಿನಲ್ಲಿ ಕೂತು ಶೇಂಗಾ ತಿಂದರು.

ಮರುವಾರ ಆಯಿ ಸಿಮೆಂಟಿಗೆ ದುಡ್ಡು ತೆಗೆಯಲು ಬಂದಾಗ ಮಾಸ್ತರರು ನನ್ನ ಮುಂದೆ ಕೂತಿದ್ದರು. ದನಿ ಇಳಿದಿತ್ತು. ಯಾರೋ ಫೋನ್ ಮಾಡಿ, ವಿದ್ಯಾವಂತರಿಗೆ ಮಾತ್ರ ಕೊಡುವ ಕಾರ್ಡು ಬಂದಿದೆ ಅಂದನಂತೆ. ಇವರು ಓಟಿಪಿ ಹೇಳಿದ್ದರು. ಸಂಬಳ ಪೂರ್ತಿ ಹೋಗಿತ್ತು. ಸೈಬರ್ ಸಹಾಯವಾಣಿಗೆ ಫೋನ್ ಹಚ್ಚಿಸಿ, ಕಾರ್ಡು ಬಂದ್ ಮಾಡಿದೆ.

ಆಯಿ ಕೇಳಿದರು, "ಅಳ್ಯಾರ, ಯಾರ ಪೈಕಿ ಅಂತ ಕೇಳಿದ್ರೇನು?"

"ಇಲ್ರಿ ಅತ್ತಿ. ಛಲೋ ಇಂಗ್ಲಿಷ್ ಮಾತಾಡಿದ."

 ಆಯಿ ದುಡ್ಡು ಸೆರಗಿಗೆ ಕಟ್ಟಿಕೊಂಡು ಹೋದರು. ಮಳೆಗಾಲದೊಳಗೆ ಸ್ಲಾಬು ಅವರ ಮನೆಗೇ ಬಿತ್ತು.

ಆ ವರ್ಷ ನಮ್ಮ ಬ್ಯಾಂಕಿನಲ್ಲಿ ಫೋನಿನಲ್ಲಿ ದುಡ್ಡು ಕಳಕೊಂಡವರು ಒಬ್ಬರೇ. ಅವರದು ಎಂ.ಎ., ಬಿ.ಎಡ್.