ಸಾಹುಕಾರರ ಬಾಗಿಲು ಸ್ಪೀಕರಿಗೆ ಬೇಸ್ ಹಚ್ಚಿದ್ದು

ಸೌಂಡ್ ಸಿಸ್ಟಂ ರಿಪೇರಿ ಅಂಗಡಿ ಇಟ್ಟವನ ಹತ್ತಿರ ಸೌಂಡ್ ಕೆಟ್ಟವರು ಕಡಿಮೆ, ತಲೆ ಕೆಟ್ಟವರು ಹೆಚ್ಚು ಬರುತ್ತಾರೆ. ನನ್ನ ಅಂಗಡಿ ಹಗರಿಬೊಮ್ಮನಹಳ್ಳಿಯಲ್ಲಿ. ಕೂಡ್ಲಿಗಿಯವರೊಬ್ಬರು ಆಂಪ್ಲಿಫೈಯರ್ ಮನೆಯಲ್ಲೇ ಬಿಟ್ಟು, ಬರೀ ರಿಮೋಟ್ ತಂದು, "ಸೌಂಡ್ ಕಮ್ಮಿ ಆಗೈತಿ, ನೋಡ್ರಿ" ಅಂದರು. ಹಡಗಲಿ ಕಡೆ ಮಾಗಳದವರೊಬ್ಬರು ಹೊಳೆಗೆ ಬಿದ್ದ ಬಾಕ್ಸ್ ತಂದು, "ಸ್ವಲ್ಪ ತಂಪು ಹಿಡದೈತಿ" ಅಂದರು. ಬಿಚ್ಚಿದರೆ ಒಳಗೆ ಮೀನಿತ್ತು. ಇವರನ್ನೆಲ್ಲ ನಾನು ಕ್ಷಮಿಸಿದ್ದೇನೆ. ಕೊಟ್ಟೂರಿನ ಒಬ್ಬ ಸಾಹುಕಾರರನ್ನು ಮಾತ್ರ ಇನ್ನೂ ಕ್ಷಮಿಸಲು ಆಗಿಲ್ಲ. ಅವರ ಮನೆಯಲ್ಲಿ ಒಂದೇ ತಿಂಗಳಲ್ಲಿ ಆದದ್ದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಚಿಲಕವಿಲ್ಲದ ಬಾಗಿಲು

ಸಾಹುಕಾರರದು ಮೆಕ್ಕೆಜೋಳ, ಶೇಂಗಾ ವ್ಯಾಪಾರ. ಹೊಸ ಮನೆ ಕಟ್ಟಿಸಿ, ಹಾಲ್‌ಗೆಂದು ಬೆಂಗಳೂರಿನಿಂದ ಒಂದು ಜೋಡಿ ಪ್ಲೇನಾರ್ ಸ್ಪೀಕರ್ ತರಿಸಿದ್ದರು. ನಾವು ದಿನಾ ನೋಡುವ ಸ್ಪೀಕರಿನ ಹಾಗೆ ಅದಕ್ಕೆ ಡಬ್ಬಿ ಇಲ್ಲ, ಕೋನ್ ಇಲ್ಲ. ಆಳೆತ್ತರದ ಚೌಕಟ್ಟು, ಅದರೊಳಗೆ ಬಿಗಿದ ತೆಳ್ಳನೆಯ ಹಾಳೆ, ಅಷ್ಟೇ. ಆ ಹಾಳೆ ನಡುಗಿದರೆ ಹಾಡು. ಹಾಡುವವರು ಉಸಿರು ಎಳೆದುಕೊಂಡದ್ದೂ ಕೇಳುತ್ತದೆ, ಸುಳ್ಳು ಹೇಳಬಾರದು. ಆದರೆ ತೆಳ್ಳನೆಯ ಹಾಳೆ ಎಷ್ಟು ಗಾಳಿ ತಳ್ಳೀತು? ಎದೆಗೆ ಗುದ್ದುವ ಬೇಸ್ ಅದರಿಂದ ಬರುವುದಿಲ್ಲ.

ಸಾಹುಕಾರರ ತಾಯಿ, ಎಪ್ಪತ್ತೈದು ದಾಟಿದ ಅಜ್ಜಿ, ಬಂದವರಿಗೆಲ್ಲ ದೂರುತ್ತಿದ್ದರು: "ನನ್ನ ಮಗ ಎರಡು ಬಾಗ್ಲ ತಂದು ಗ್ವಾಡಿ ಮುಂದ ನಿಲ್ಲಿಸ್ಯಾನ ನೋಡ್ರಿ. ತೆಗದ್ರ ಎಲ್ಲಿಗೂ ಹೋಗಂಗಿಲ್ಲ."

ಅದನ್ನು ಸಾಹುಕಾರರು ಸಹಿಸಿಕೊಂಡಿದ್ದರು. ಸಹಿಸಲಾಗದೆ ಹೋದದ್ದು ಬೀಗರ ಮಾತು. ಸಾಹುಕಾರರು ಮಗಳನ್ನು ಕೊಟ್ಟದ್ದು ಹರಪನಹಳ್ಳಿಗೆ. ಆ ಬೀಗರು ಬಂದಾಗ ಇವರು ಹೆಮ್ಮೆಯಿಂದ ಒಂದು ಡೊಳ್ಳಿನ ಪದ ಹಾಕಿದರು. ಬೀಗರು ಪೂರ್ತಿ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಹೇಳಿದರಂತೆ: "ಹಾಡೋರು ಬಂದಾರೆ, ತಾಳದೋರೂ ಬಂದಾರೆ. ಡೊಳ್ಳಿನೋನು ಊಟಕ್ಕೆ ಹೋಗ್ಯಾನೇನ್ರಿ ಬೀಗ್ರೆ?"

ಮರುದಿನವೇ ನನ್ನನ್ನು ಕರೆಸಿದರು. "ತಮ್ಮಾ, ಅಮಾಸಿ ಮುಗಿದ ಐತಾರ ಬೀಗ್ರು ಹೋಳಿಗಿ ಊಟಕ್ಕ ಬರಾಕತ್ತಾರ. ಅಷ್ಟರಾಗ ಈ ಮನ್ಯಾಗ ಬೇಸ್ ಬರ್ಬೇಕು. ಬರಲಿಲ್ಲ ಅಂದ್ರ ನಾನು ಬೀಗ್ರ ಮುಂದ ತಲಿ ಎತ್ತಂಗಿಲ್ಲ, ನೀನು ಈ ಐದೂ ತಾಲ್ಲೂಕಿನ್ಯಾಗ ಅಂಗಡಿ ತೆಗ್ಯಂಗಿಲ್ಲ."

ನಾನು ಟ್ರ್ಯಾಕ್ಟರ್ ಡಿಜೆಗಳಿಗೆ ಬೇಸ್ ಬಾಕ್ಸ್ ಕಟ್ಟಿ ಕಿಟಕಿ ಗಾಜು ಉದುರಿಸಿದವನು. ದೊಡ್ಡ ಮನುಷ್ಯನ ಹಾಗೆ "ಇಷ್ಟೇನ್ರಿ?" ಅಂದುಬಿಟ್ಟೆ. ಒಳಗಿನಿಂದ ಅಜ್ಜಿ ಕೂಗಿದರು: "ಹೆಂಗೂ ಬಂದೀಯಲ್ಲಪಾ, ಆ ಬಾಗ್ಲಕ್ಕ ಒಂದೊಂದು ಚಿಲಕಾನೂ ಬಡದು ಹೋಗು!"

ಬೇಸ್ ಹಿಂದೆ ಬಿತ್ತು

ಪ್ಲೈವುಡ್ ತಂದು ಒಳ್ಳೆಯ ಬಾಕ್ಸ್ ಕಟ್ಟಿದೆ. ಹದಿನೈದು ಇಂಚಿನ ಸ್ಪೀಕರ್ ಕೂರಿಸಿದೆ. ಪ್ಲೇನಾರ್‌ಗಳು ಎಲ್ಲಿ ಕೈಬಿಡುತ್ತವೋ ಅಲ್ಲಿಂದ ಕೆಳಗಿನದನ್ನು ಈ ಸಬ್‌ವೂಫರ್ ಹಿಡಿಯಬೇಕು. ಎರಡೂ ಸೇರಿದ್ದು ಗೊತ್ತಾಗಬಾರದು, ಅದೇ ಕೆಲಸ.

ಸಾಹುಕಾರರು ಅಷ್ಟರಲ್ಲಿ ವಾಟ್ಸ್‌ಆ್ಯಪ್‌ನಲ್ಲಿ ಸಂಗೀತ ಕೇಳುವವರ ಒಂದು ಗುಂಪಿಗೆ ಸೇರಿದ್ದರು. ಸಂಗೀತ ಕೇಳುವವರು ಅಂತ ಹೆಸರು. ದಿನವಿಡೀ ಅವರು ಕೇಳುವುದು ಒಬ್ಬರ ಮಾತನ್ನೊಬ್ಬರು. ಅಲ್ಲಿ ಯಾರೋ ಹೇಳಿದ್ದರಂತೆ, ಪ್ಲೇನಾರ್ ಹಾಳೆ ಬಹಳ ಚುರುಕು, ಸಬ್‌ವೂಫರ್ ಜಡ, ಹಾಡು ಮುಂದೆ ಹೋದರೆ ಬೇಸ್ ಹಿಂದೆ ಉಳಿಯುತ್ತದೆ ಎಂದು.

ನಾನು ಬಾಕ್ಸ್ ತಂದಿಟ್ಟು ವೈರ್ ಎಳೆಯುತ್ತಿದ್ದೆ. ಸಾಹುಕಾರರು ಹಾಡು ಹಾಕಿಕೊಂಡು, ಎದೆಯ ಮೇಲೆ ಕೈ ಇಟ್ಟು, ಕಣ್ಣು ಮುಚ್ಚಿದರು. ಎರಡು ನಿಮಿಷ ಕಳೆದ ಮೇಲೆ ತಲೆ ಅಲ್ಲಾಡಿಸಿದರು.

"ಜಡ ಐತಿ ತಮ್ಮಾ. ಹಾಡು ಕೊಟ್ಟೂರು ದಾಟೈತಿ, ನಿನ್ನ ಬೇಸು ಇನ್ನೂ ಕಾನಹೊಸಹಳ್ಳ್ಯಾಗ ಬಸ್ಸಿಗೆ ನಿಂತೈತಿ."

"ಹೌದ್ರಿ?"

"ನನ್ನ ಕಿವಿಗೆ ಮೋಸ ಆಗಂಗಿಲ್ಲಪಾ. ಅದಕ್ಕ ದೇವ್ರು ಕೊಟ್ಟಿರಬೇಕು."

"ಸಾಹುಕಾರ್ರ, ನಾನಿನ್ನೂ ಪ್ಲಗ್ ಹಾಕಿಲ್ರಿ."

ಬೋಲ್ಟ್ ಹಾಕಿದ ಕುರ್ಚಿ

ಪ್ಲಗ್ ಹಾಕಿದ ಮೇಲೆ ನಿಜವಾದ ತಾಪತ್ರಯ ಶುರುವಾಯಿತು.

ಪ್ಲೇನಾರ್ ಸ್ಪೀಕರಿನ ಚಂದ ಒಂದೇ ಜಾಗದಲ್ಲಿ ಸಿಗುತ್ತದೆ. ಅತ್ತಿತ್ತ ಒಂದು ಮೊಳ ಸರಿದರೆ ಹೋಯಿತು. ಬೆಂಗಳೂರಿನಿಂದ ಬಂದವನು ಅಳತೆ ಹಾಕಿ ಹಾಲ್‌ನ ನಟ್ಟನಡುವೆ ಕುರ್ಚಿ ಇಡಿಸಿ ಹೋಗಿದ್ದ. ಕಸ ಗುಡಿಸುವಾಗ ಯಾರಾದರೂ ಸರಿಸಿಬಿಟ್ಟಾರು ಎಂದು ಸಾಹುಕಾರರು ಗ್ರಾನೈಟ್ ಕೊರೆಸಿ, ಕುರ್ಚಿಯ ನಾಲ್ಕೂ ಕಾಲಿಗೆ ಬೋಲ್ಟ್ ಹಾಕಿಸಿದ್ದರು. ಅದರಲ್ಲಿ ಅವರ ಹೆಂಡತಿಯೂ ಕೂತಿರಲಿಲ್ಲ.

ಬೇಸ್‌ನ ಗುಣ ಬೇರೆ. ಅದು ಗೋಡೆಗೆ ಹೊಡೆದು ತಿರುಗಿ ಬರುತ್ತದೆ. ಬರುವುದೂ ಹೋಗುವುದೂ ಡಿಕ್ಕಿ ಹೊಡೆದು ಎರಡೂ ಸತ್ತುಹೋಗುವ ಒಂದು ಜಾಗ ಕೋಣೆಯಲ್ಲಿ ಇರುತ್ತದೆ, ಬಹಳ ಸಲ ನಟ್ಟನಡುವೆ. ಐದು ತಾಲ್ಲೂಕಿನಲ್ಲಿ ಬೇಸ್ ಕೇಳದ ಜಾಗ ಹುಡುಕಿ, ಅಲ್ಲೇ ಬೋಲ್ಟ್ ಹಾಕಿಸಿಕೊಂಡು ಕುಳಿತಿದ್ದರು ನಮ್ಮ ಸಾಹುಕಾರರು.

"ಬೇಸ್ ಎಲ್ಲೈತಿ?" ಎಂದು ಕೇಳಿದರು. ನಾನು ಗೋಡೆಗೆ ಒರಗಿ ನಿಂತಿದ್ದೆ, ನನ್ನ ಬೆನ್ನು ನಡುಗುತ್ತಿತ್ತು. "ಕುರ್ಚಿ ಮೂರಡಿ ಹಿಂದಕ್ಕ ತರ್ರಿ, ಸಿಗತೈತಿ" ಅಂದೆ.

"ಕುರ್ಚಿ ಅಳತಿ ತಪ್ಪಂಗಿಲ್ಲ. ನಿನ್ನ ಬಾಕ್ಸೇ ತಪ್ಪು. ಇನ್ನೊಂದೀಟು ಏರಸು." ಏರಿಸಿದೆ. "ಎಲ್ಲೈತೋ ಬೇಸು?" ಮತ್ತೆ ಏರಿಸಿದೆ. ಅಡುಗೆಮನೆಯಲ್ಲಿ ಸಾಲಾಗಿ ಜೋಡಿಸಿದ್ದ ಹಿತ್ತಾಳೆ ಕೊಡ, ಸ್ಟೀಲ್ ಡಬ್ಬಿಗಳೆಲ್ಲ ಒಟ್ಟಿಗೆ ಗಲಗಲ ಅಂದವು.

ಅಜ್ಜಿ ಒಂದು ಬುಟ್ಟಿ ಹೊತ್ತು ಬಂದರು. ಎರಡು ದಿನ ಕೂತು ತಟ್ಟಿ ಒಣಗಿಸಿದ್ದ ಖಡಕ್ ಜೋಳದ ರೊಟ್ಟಿ ಅದರಲ್ಲಿತ್ತು. ಫ್ರಿಜ್ಜಿನ ಮೇಲಿಟ್ಟಿದ್ದರಂತೆ, ನಡುಗಿ ನಡುಗಿ ಬಿದ್ದು ಚೂರು ಚೂರಾಗಿತ್ತು. ಮಗನ ತೊಡೆಯ ಮೇಲೆ ಅದನ್ನು ಸುರಿದರು.

"ಎಲ್ಲೈತಿ ಎಲ್ಲೈತಿ ಅಂತ ಒದರಾಕತ್ತಿದ್ದೆಲ್ಲ, ಇಲ್ಲೈತಿ ತಗೋ ನಿನ್ನ ಬೇಸು. ಮೊಸರು ಹಾಕ್ಕೊಂಡು ತಿನ್ನು."

ದೀಡನಮಸ್ಕಾರ

ಇದಕ್ಕೊಂದು ಉಪಾಯವಿದೆ, ನಮ್ಮ ಕೆಲಸದವರಿಗೆಲ್ಲ ಗೊತ್ತು. ಕುರ್ಚಿ ಸರಿಸಲಾಗದಿದ್ದರೆ ಬೇಸ್ ಬಾಕ್ಸನ್ನೇ ಕುರ್ಚಿಯ ಮೇಲೆ ಕೂರಿಸಿ ಹಾಡು ಹಾಕಬೇಕು. ಆಮೇಲೆ ನೆಲಕ್ಕೆ ಕಿವಿ ಹಚ್ಚಿ ಕೋಣೆಯ ತುಂಬ ಅಂಬೆಗಾಲಿಡಬೇಕು. ಎಲ್ಲಿ ಬೇಸ್ ತುಂಬಿ ಕೇಳುತ್ತದೋ ಅಲ್ಲಿ ಬಾಕ್ಸ್ ಇಟ್ಟರೆ ಕುರ್ಚಿಯಲ್ಲಿ ಕೂತವರಿಗೂ ಹಾಗೇ ಕೇಳುತ್ತದೆ.

ನಾನೇ ಮಾಡಬೇಕೆಂದಿದ್ದೆ. "ನಿನ್ನ ಕಿವಿ ಟ್ರ್ಯಾಕ್ಟರ್ ಕಿವಿ" ಎಂದು ಸಾಹುಕಾರರು ಬಿಳಿ ಪಂಚೆ ಎತ್ತಿಕಟ್ಟಿ ತಾವೇ ನೆಲಕ್ಕೆ ಬಿದ್ದರು. ನೂರು ಕೆಜಿಯ ಆಳು. ಒಂದು ಮೊಳ ಹೋಗುವುದು, ಗಲ್ಲ ನೆಲಕ್ಕೆ ಹಚ್ಚುವುದು, ನಿಟ್ಟುಸಿರು ಬಿಡುವುದು, ಮತ್ತೆ ಒಂದು ಮೊಳ.

ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. ಕುರ್ಚಿಯ ಮೇಲೆ ಕರಿ ಪೆಟ್ಟಿಗೆ ಕೂತಿದೆ, ಅದರ ಸುತ್ತ ಮಗ ಹರಕೆ ಹೊತ್ತವರ ಹಾಗೆ ಅಡ್ಡಬಿದ್ದು ಸುತ್ತುತ್ತಿದ್ದಾನೆ. ಗಾಬರಿಯಾಗಿ ಕೈಮುಗಿದರು.

"ಯಪ್ಪಾ, ದೀಡನಮಸ್ಕಾರ ಹಾಕೋದಿದ್ರ ಗುಡಿಗೆ ಹೋಗಿ ಹಾಕಬಾರದೇನೋ? ಆ ಪೆಟಿಗಿ ಏನ್ ವರ ಕೊಡತೈತಿ ನಿನಗ!"

ಸಾಹುಕಾರರು ತಲೆ ಎತ್ತಲಿಲ್ಲ. ಹಾಲ್‌ನ ಮೂಲೆಯಲ್ಲಿ ಅಜ್ಜಿ ಮಲಗುವ ಮಂಚದ ಕೆಳಗೆ ಅವರ ತಲೆ ಸೇರಿತ್ತು, ಅಲ್ಲಿಂದ ದನಿ ಬಂತು: "ಸಿಕ್ತು! ಇಲ್ಲೈತಿ ಬೇಸು! ಅವ್ವಾ, ನಿನ್ನ ಮಂಚ ತೆಗಿ!"

"ತೆಗಿಯಂತಿ, ಅವಸರ ಮಾಡಬ್ಯಾಡ" ಅಂದರು ಅಜ್ಜಿ. "ನನ್ನ ಹೊತ್ತುಕೊಂಡು ಹ್ವಾದ ಮ್ಯಾಲೆ ತೆಗಿ."

ಕಟ್ಟೆಯ ಮೇಲಿನ ಪರೀಕ್ಷೆ

ಬೀಗರು ಬರುವ ಐತಾರ ಬಂದೇ ಬಂತು. ಮಂಚ ಕದಲಲಿಲ್ಲ, ಕುರ್ಚಿ ಕದಲಲಿಲ್ಲ, ಬೇಸ್ ಬರಲಿಲ್ಲ. ನನ್ನ ಮೀಟರು, ಮೈಕು ಎಲ್ಲ ಸೋತವು. ಕೊನೆಗೆ ಬೆಳಿಗ್ಗೆಯೇ ನಮ್ಮಪ್ಪನನ್ನು ಗಾಡಿಯ ಹಿಂದೆ ಕೂರಿಸಿಕೊಂಡು ಬಂದೆ.

ಅಪ್ಪ ನಲವತ್ತು ವರ್ಷ ಹಲಗೆ ಬಾರಿಸಿದವನು. ಚರ್ಮ ಬೆಂಕಿಗೆ ಎಷ್ಟು ಕಾಯಬೇಕು, ಯಾವ ಓಣಿಯಲ್ಲಿ ಸಪ್ಪಳ ಎಲ್ಲಿ ಹೋಗಿ ಬಡಿಯುತ್ತದೆ ಎಂಬುದು ಅವನ ಅಂಗೈಗೆ ಗೊತ್ತು. ನಮ್ಮ ಹಲಗೆ ಇಲ್ಲದೆ ಈ ಕಡೆ ಮೆರವಣಿಗೆ ಹೊರಟದ್ದಿಲ್ಲ, ಹೆಣ ಎದ್ದದ್ದಿಲ್ಲ. ಹೊಸ್ತಿಲ ಒಳಗೆ ಮಾತ್ರ ಹಲಗೆಯೂ ಹೋದದ್ದಿಲ್ಲ, ಅಪ್ಪನೂ ಹೋದದ್ದಿಲ್ಲ.

ಅಜ್ಜಿಗೆ ನೋಡಿದ ಕೂಡಲೇ ಅವನು ಯಾವ ಕೇರಿಯವನೆಂದು ಗೊತ್ತಾಯಿತು. "ಅಲ್ಲೇ ಕಟ್ಟಿ ಮ್ಯಾಲೆ ಕುಂದ್ರಪ್ಪಾ, ಗಾಳಿ ಚಲೋ ಬರತೈತಿ" ಅಂದರು. ಪೇಪರ್ ಲೋಟದಲ್ಲಿ ಚಹಾ ಬಂತು. ರಿಪೇರಿ ಕೆಲಸವೆಂದು ಹಾಲ್ ತನಕ ಬಿಟ್ಟುಕೊಂಡ ನನಗೂ ಒಂದು ತಿಂಗಳಿನಿಂದ ಪೇಪರ್ ಲೋಟವೇ. ಕೇಳಿದರೆ ಸ್ವಚ್ಛತೆಗೆ ಅನ್ನುತ್ತಾರೆ. ಸಾಹುಕಾರರು ಸ್ಟೀಲ್ ಲೋಟದಲ್ಲೇ ಕುಡಿಯುತ್ತಾರೆ, ಅವರಿಗೆ ಸ್ವಚ್ಛತೆ ಬೇಕಿಲ್ಲ ಎಂದು ಕಾಣುತ್ತದೆ. ನನಗೆ ಮೈ ಉರಿಯಿತು. ಅಪ್ಪ ಆರಾಮಾಗಿ ಚಹಾ ಕುಡಿದು, "ಹಚ್ಚು ಹಾಡು" ಅಂದ.

ಹಚ್ಚಿದೆ. ಅಪ್ಪ ಕಟ್ಟೆಯಿಂದ ಏಳಲೇ ಇಲ್ಲ. ಗೋಡೆಯ ಮೇಲೆ ಅಂಗೈ ಇಟ್ಟ, ಸ್ವಲ್ಪ ಹೊತ್ತು ನೆಲದ ಮೇಲೆ ಇಟ್ಟ. "ಸಾಹುಕಾರ್ರ, ನಿಮ್ಮ ಬೇಸು ಹಾಲ್‌ನ್ಯಾಗ ಇಲ್ರಿ. ಅಡಿಗಿಮನಿ ದಾಟಿ ಹಿಂದ ಬಚ್ಚಲದಾಗ ಹೋಗಿ ಕುಂತೈತಿ."

ಸಾಹುಕಾರರು ನಗುತ್ತ ಒಳಗೆ ಹೋದರು. ಓಡುತ್ತ ಹೊರಗೆ ಬಂದರು. ಅಜ್ಜಿಯ ಹಟಕ್ಕೆ ಆ ಮನೆಯ ಬಚ್ಚಲನ್ನು ಹಳೆಯ ಕಾಲದ ಹಾಗೆ ದೊಡ್ಡದಾಗಿ ಕಟ್ಟಿಸಿದ್ದರು. ಹಂಡೆ, ಕಲ್ಲು, ನೀರಿನ ತೊಟ್ಟಿ, ಮೇಲೆ ಕೆಳಗೆ ಟೈಲ್ಸ್. ಪಾಯಖಾನೆ ಬೇರೆ, ಹಿತ್ತಲಲ್ಲಿ. ಸಾಹುಕಾರರು ಅಪ್ಪನ ರಟ್ಟೆ ಹಿಡಿದು, "ಬಾ, ಬಾ, ಅದನ್ನ ಹಾಲ್‌ಗೆ ಕರಕೊಂಡು ಬಾ" ಎಂದು ದರದರ ಎಳೆದುಕೊಂಡು ಹೋದರು. ಹೊಸ್ತಿಲು ದಾಟಿ, ಹಾಲ್ ದಾಟಿ, ಅಡುಗೆಮನೆಯ ನಡುವಿನಿಂದ. ಹೂರಣ ರುಬ್ಬುತ್ತಿದ್ದ ಅಜ್ಜಿ ಬಾಯಿ ತೆರೆದವರು ಮುಚ್ಚಲಿಲ್ಲ.

ಅಪ್ಪ ಬಚ್ಚಲ ಕಲ್ಲಿನ ಮೇಲೆ ಕೂತು "ಏರಸು, ಇಳಸು" ಎಂದು ಕೂಗುತ್ತಿದ್ದ, ನಾನು ಹಾಲ್‌ನಲ್ಲಿ ಗುಂಡಿ ತಿರುಪುತ್ತಿದ್ದೆ. ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಬೀಗರು ಒಂದು ತಾಸು ಮೊದಲೇ ಬಂದಿದ್ದರು.

ಅಪ್ಪ ಹೊರಗೆ ಬರಬೇಕೆಂದರೆ ಬೀಗರ ಮುಂದೆಯೇ ಅಡುಗೆಮನೆಯಿಂದ ಬರಬೇಕು. ಅಜ್ಜಿ ಬಚ್ಚಲ ಬಾಗಿಲಿಗೆ ಹೋಗಿ ಕೈಮುಗಿದು ಪಿಸುಗುಟ್ಟಿದರು: "ಎಪ್ಪಾ, ನಿನ್ನ ಕಾಲು ಬೀಳ್ತೀನಿ, ಬೀಗ್ರು ಹೋಗೋ ತನಕ ಒಳಗೇ ಇರು." ಬೆಳಿಗ್ಗೆ ಒಳಗೆ ಬರಬೇಡ ಅಂದವರು ಮಧ್ಯಾಹ್ನ ಹೊರಗೆ ಬರಬೇಡ ಅಂದರು.

ಬೀಗರ ಹೋಳಿಗೆ

ಸಾಹುಕಾರರು ಯಾರನ್ನೂ ಕೂರಿಸದ ಕುರ್ಚಿಯಲ್ಲಿ ಬೀಗರನ್ನು ಕೂರಿಸಿದರು. ನಾನು ಹಾಡು ಹಚ್ಚಿದೆ. ಬೀಗರು ಎಡ ಸ್ಪೀಕರ್ ನೋಡಿದರು, ಬಲ ಸ್ಪೀಕರ್ ನೋಡಿದರು, ನನ್ನ ಬಾಕ್ಸ್ ನೋಡಿದರು. ಆಮೇಲೆ, "ಕೈಕಾಲು ತೊಳ್ಕಂಬರ್ತೀನಿ, ಊಟಕ್ಕೆ ಹಾಕ್ರಿ" ಎಂದು ಎದ್ದರು. ಬೈದಿದ್ದರೂ ಇಷ್ಟು ಸಂಕಟ ಆಗುತ್ತಿರಲಿಲ್ಲ. ಸಾಹುಕಾರರ ಮುಖ ನೋಡಿ ನನಗೇ ಪಾಪ ಅನಿಸಿತು. ನನ್ನ ಅಂಗಡಿಯೂ ಕಣ್ಣ ಮುಂದೆ ಬಂತು.

ಬೀಗರು ಹೋದದ್ದು ಬಚ್ಚಲಿಗೆ! ಅಜ್ಜಿ ಅಡ್ಡ ನಿಂತು "ನೀರು ಇಲ್ಲೇ ತರ್ತೀನ್ರಿ" ಅನ್ನುವಷ್ಟರಲ್ಲಿ ಅವರು ಒಳಗೆ ಹೋಗಿಯಾಗಿತ್ತು.

ಐದು ನಿಮಿಷವಾಯಿತು. ಹತ್ತು ನಿಮಿಷವಾಯಿತು. ಹೋಳಿಗೆ ಆರುತ್ತಿತ್ತು. ಒಳಗಿನಿಂದ ಬಕೆಟ್ ಬಾರಿಸುವ ಸಪ್ಪಳ ಬಂತು, ಒಂದಲ್ಲ, ಎರಡು ಬಕೆಟ್. ಇಣುಕಿದರೆ ಬೀಗರು ಜರಿಯಂಚಿನ ಪಂಚೆ ಮೊಣಕಾಲಿಗೆ ಏರಿಸಿ ಸ್ಟೂಲಿನ ಮೇಲೆ ಕೂತಿದ್ದಾರೆ, ಎದುರಿಗೆ ಕಲ್ಲಿನ ಮೇಲೆ ನಮ್ಮಪ್ಪ. ಇಬ್ಬರ ನಡುವೆ ಬೋರಲು ಹಾಕಿದ ಎರಡು ಬಕೆಟ್ಟು. ಅಪ್ಪ ಪೆಟ್ಟು ತೋರಿಸುತ್ತಿದ್ದಾನೆ, ಬೀಗರು ಕಲಿಯುತ್ತಿದ್ದಾರೆ. ಹಂಡೆಯ ನೀರು ಬೇಸ್‌ಗೆ ತಕ್ಕ ಹಾಗೆ ನಡುಗುತ್ತಿತ್ತು.

"ಬೀಗ್ರೆ!" ಎಂದು ಬೀಗರು ಕೂಗಿದರು. "ಇಂಥಾ ಬೇಸ್ ಇಟ್ಕಂಡು ಹೊರಗೆ ಯಾಕ್ರಿ ಕುಂದ್ರಿಸಿದ್ರಿ ನನ್ನ? ಎಲೆ ಇಲ್ಲೇ ಹಾಕ್ರಿ. ಇಬ್ಬರಿಗೂ ಹಾಕ್ರಿ."

ಸಾಹುಕಾರರು ಅಜ್ಜಿಯ ಕಡೆ ನೋಡಿದರು. ಅಜ್ಜಿ ದೇವರ ಮನೆಯ ಕಡೆ ನೋಡಿದರು. ಬೀಗರ ಮಾತು ಮೀರುವ ಹಾಗಿಲ್ಲ, ಮಗಳನ್ನು ಕೊಟ್ಟ ಮನೆ. ಬಚ್ಚಲಲ್ಲಿ ಜೋಡಿ ಎಲೆ ಬಿದ್ದವು. ಅಜ್ಜಿ ಸೆರಗು ಬಿಗಿದು ಹೋಳಿಗೆ ತಂದು ಮೊದಲು ಬೀಗರಿಗೆ ಬಡಿಸಲು ಬಗ್ಗಿದರು. ಬೀಗರು ಎಲೆಯ ಮೇಲೆ ಕೈ ಅಡ್ಡ ಹಿಡಿದರು: "ಅವ್ರಿಗೆ ಮೊದ್ಲು ಹಾಕ್ರಮ್ಮಾ. ಬೇಸ್ ಹಿಡ್ಕೊಟ್ಟೋರು ಅವ್ರು." ಅಜ್ಜಿ ಹಾಕಿದರು. ನಾನು ಅಡುಗೆಮನೆಯಲ್ಲಿ ನಿಂತು ಕಣ್ಣು ತುಂಬ ನೋಡಿದೆ, ಬಹಳ ಖುಷಿಯಾಯಿತು, ಮುಚ್ಚಿಡುವುದಿಲ್ಲ.

ಸಾಹುಕಾರರು ತಾವೂ ಒಳಗೆ ಕೂರಬೇಕೆಂದು ತುಪ್ಪದ ಗಿಂಡಿ ಹಿಡಿದು ಬಂದರು. ಹಂಡೆ, ತೊಟ್ಟಿ, ಎರಡು ಎಲೆಗಳ ನಡುವೆ ಮೂರನೆಯವರಿಗೆ ಜಾಗವಿರಲಿಲ್ಲ. ಅಷ್ಟರಲ್ಲಿ ಬೀಗರಿಗೆ, ಬಾಗಿಲು ಮುಚ್ಚಿದರೆ ಹಂಡೆಯ ಸಪ್ಪಳ ಇನ್ನೂ ಚಂದ ಕೇಳುತ್ತದೆ ಎಂದು ಹೊಳೆಯಿತು. ಸಾಹುಕಾರರ ಮುಖದ ಮುಂದೆಯೇ ಬಾಗಿಲು ಹಾಕಿಕೊಂಡರು.

ಸಾಹುಕಾರರು ಗಿಂಡಿ ಹಿಡಿದು ಮುಚ್ಚಿದ ಬಾಗಿಲ ಹೊರಗೆ ನಿಂತರು. ಆಸೆ ತಡೆಯಲಾರದೆ ಕೂಗಿದರು: "ಹೆಂಗೈತ್ರಿ ಬೀಗ್ರ, ನಮ್ಮ ಬೇಸು?"

ಬೀಗರ ಬಾಯಿ ತುಂಬ ಹೋಳಿಗೆ ಇದ್ದಿರಬೇಕು. ಒಳಗಿನಿಂದ ನಮ್ಮಪ್ಪನ ದನಿ ಬಂತು:

"ಬೇಸು ಚಲೋ ಐತ್ರಿ ಸಾಹುಕಾರ್ರ. ತುಪ್ಪ ಕಮ್ಮಿ ಬಿದ್ದೈತಿ."