ಬೆಳ್ಳಿ ಕಾಗದದ ಆಕಾಶನೌಕೆ

ಫಿಸಿಕ್ಸ್ ಮೇಷ್ಟ್ರಾದವನು ನಗುವನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಪಾಠದ ಬೆನ್ನಿಗೇ ಅದು ಬರುತ್ತದೆ. ತೊಂಬತ್ತರ ದಶಕದಲ್ಲಿ, ಲೇಸರ್ ಬೆಳಕಿನಿಂದ ಆಕಾಶನೌಕೆಯನ್ನು ತಳ್ಳಬಹುದೆಂದು ಎಲ್ಲೋ ಓದಿ ನನಗೆ ಅದರದೇ ಹುಚ್ಚು ಹಿಡಿದಿತ್ತು.

ರೈಲಿನ ದೀಪ

ಆಗ ಗೌರಿಬಿದನೂರಿನ ಕಾಲೇಜಿನಲ್ಲಿದ್ದೆ. "ಟಾರ್ಚ್ ಹಾಕಿದ್ರೆ ಬೆಳಕು ಮುಂದಕ್ಕೆ ಹೋಗುತ್ತೆ, ಟಾರ್ಚನ್ನ ಚೂರೇ ಚೂರು ಹಿಂದಕ್ಕೆ ತಳ್ಳುತ್ತೆ" ಅಂದೆ. ಹಿಂದೂಪುರದಿಂದ ದಿನಾ ರೈಲಲ್ಲಿ ಬರುತ್ತಿದ್ದ ವಿದ್ಯಾರ್ಥಿನಿ ಎದ್ದು ನಿಂತಳು.

"ಸಾರ್, ಇಂಜಿನ್ ದೀಪಾನೂ ರೈಲನ್ನ ಹಿಂದಕ್ಕೆ ತಳ್ಳುತ್ತಾ?"

"ತಳ್ಳುತ್ತಮ್ಮ. ಆದ್ರೆ ಲೆಕ್ಕಕ್ಕಿಲ್ಲ."

"ಲೆಕ್ಕಕ್ಕಿದೆ ಸಾರ್. ದಿನಾ ಲೇಟು."

ಒಂದು ಮೊಳ ರೇಷ್ಮೆ

ಚಿಕ್ಕಬಳ್ಳಾಪುರಕ್ಕೆ ವರ್ಗವಾದ ಮೇಲೆ ಪರೀಕ್ಷೆ ಮಾಡಿಯೇ ನೋಡೋಣ ಅನ್ನಿಸಿತು. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದವೇ ನೌಕೆ. ಅದನ್ನು ತೂಗುಬಿಡಲು ತೆಳ್ಳನೆಯ ದಾರ ಬೇಕಿತ್ತು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚಾಣಿಕೆ ಮಾಡಿಸುತ್ತಿದ್ದ ಸಾಬರ ಬಳಿ ಹೋದೆ.

"ಎಷ್ಟು ಕೆಜಿ ಮೇಷ್ಟ್ರೇ?"

"ಒಂದು ಮೊಳ ಸಾಕು. ಆಕಾಶನೌಕೆ ಕಟ್ಟೋಕೆ."

ಅವರು ನಗಲಿಲ್ಲ. ಅಳೆದು ಕೊಟ್ಟರು. "ಎರಡು ಮೊಳ ಇಟ್ಕೊಳ್ಳಿ. ಮೇಲೆ ಗಾಳಿ ಜಾಸ್ತಿ ಇರುತ್ತೆ."

ತೂಕವಿಲ್ಲದ ಡಬ್ಬ

ಬೀಳುತ್ತಿರುವ ಡಬ್ಬದೊಳಗೆ ಯಾವುದಕ್ಕೂ ತೂಕವಿರುವುದಿಲ್ಲ. ಹಾಗಾಗಿ ಬಿಸ್ಕತ್ ಡಬ್ಬದ ನಡುವೆ ಕಾಗದ ತೂಗುಬಿಟ್ಟು, ಒಂದು ಬದಿಗೆ ಪೆನ್ನಿನಂಥ ಪುಟ್ಟ ಲೇಸರ್ ಕಟ್ಟಿ, ಎದುರು ಬದಿಗೆ ಗೋಂದು ಸವರಿದೆ. ಬೆಳಕು ತಳ್ಳಿದರೆ ಕಾಗದ ಹೋಗಿ ಅಂಟಬೇಕು. ಕಾಲೇಜಿಗಿದ್ದದ್ದು ಅದೊಂದೇ ಲೇಸರ್. ಪ್ರಿನ್ಸಿಪಾಲರಿಗೆ ಆತಂಕ.

"ಬೀಳೋವಾಗ ತೂಕ ಇರಲ್ಲ ಅಂದ್ರಿ. ಬಿದ್ದ ಮೇಲೆ?"

"ತೂಕ ಇರುತ್ತೆ ಸಾರ್."

"ಲೇಸರ್ ಇರುತ್ತಾ?"

ಕೆಳಗೆ ಹುಲ್ಲು ಹಾಸಿಸಿದರು. ಕಾಲೇಜಿನ ತಾರಸಿಯಿಂದ ನಾನೂ ಕೆಮಿಸ್ಟ್ರಿ ಮೇಷ್ಟ್ರೂ ಉಸಿರು ಬಿಗಿಹಿಡಿದು ಡಬ್ಬ ಬಿಟ್ಟೆವು. ಧಪ್! ಓಡಿಹೋಗಿ ಮುಚ್ಚಳ ತೆಗೆದರೆ, ಕಾಗದ ಗೋಂದಿಗೆ ಅಂಟಿಕೊಂಡಿದೆ! ಕೆಮಿಸ್ಟ್ರಿ ಮೇಷ್ಟ್ರು ನನ್ನನ್ನು ತಬ್ಬಿಕೊಂಡೇಬಿಟ್ಟರು. ಹುಡುಗರ ಚಪ್ಪಾಳೆ ನಿಲ್ಲಲಿಲ್ಲ.

ಆಮೇಲೆ ಲೇಸರ್ ಆರಿಸಲು ಹೋದೆ. ಅದು ಉರಿಯುತ್ತಲೇ ಇರಲಿಲ್ಲ.

"ಸ್ವಿಚ್ ನೀವು ಹಾಕ್ಲಿಲ್ವಾ?" ಅಂದೆ ಮೆಲ್ಲಗೆ.

"ನೀವು ಹಾಕಿದ್ರಿ ಅಂದ್ಕೊಂಡೆ," ಅಂದರು ಅವರು ಇನ್ನೂ ಮೆಲ್ಲಗೆ.

ಪ್ರಿನ್ಸಿಪಾಲರ ಕಿವಿ ಚುರುಕು. ಲೇಸರನ್ನು ನನ್ನ ಕೈಯಿಂದ ಇಸಿದುಕೊಂಡು ಜೇಬಿಗೆ ಹಾಕಿಕೊಂಡರು.

"ಅದಿಲ್ದೇನೇ ಇಷ್ಟು ಚೆನ್ನಾಗಿ ಓಡುತ್ತಲ್ರೀ. ಮತ್ಯಾಕೆ ಸುಮ್ನೆ ಸೆಲ್ ದಂಡ?"